ಸತ್ಯಾಂಶ: ಅರವತ್ತರ ನಂತರ ನಡೆದರೆ ಮೊಣಕಾಲು ಸವೆಯುತ್ತದೆಯೇ?

“ಅರವತ್ತು ದಾಟಿದವರು ಮೆಟ್ಟಿಲು ಹತ್ತಬಾರದು, ಹೆಚ್ಚು ನಡೆಯಬಾರದು, ಮೊಣಕಾಲಿನ ಮೃದ್ವಸ್ಥಿ ಸವೆದುಹೋಗುತ್ತದೆ” ಎಂಬ ವಾಟ್ಸಾಪ್ ಸಂದೇಶವನ್ನು ನಂಬಿ ಮಂಗಳೂರು, ಉಡುಪಿಯ ಹಿರಿಯರು ಮನೆಯಲ್ಲೇ ಕುಳಿತುಬಿಡಬಾರದು.

ಮೃದ್ವಸ್ಥಿ ಎಂದರೆ ಕೀಲಿನಲ್ಲಿ ಮೂಳೆಗಳ ತುದಿಯನ್ನು ಹೊದ್ದಿರುವ ನುಣುಪಾದ ಪದರ. ಅದರಲ್ಲಿ ರಕ್ತನಾಳಗಳಿಲ್ಲ, ಹೆಜ್ಜೆ ಊರಿದಾಗ ಭಾರ ಬಿದ್ದು, ಎತ್ತಿದಾಗ ಆ ಭಾರ ಇಳಿಯುವುದರಿಂದಲೇ ಕೀಲಿನೊಳಗಿನ ದ್ರವವು ಅದರೊಳಗೆ ಹೋಗಿಬಂದು ಪೋಷಣೆ ಒದಗಿಸುತ್ತದೆ. ಸದಾ ಕುಳಿತೇ ಇದ್ದರೆ ತೊಡೆಯ ಸ್ನಾಯುಗಳು ಕ್ಷೀಣಿಸಿ, ಕೀಲಿಗೆ ಸಿಗಬೇಕಾದ ಆಸರೆಯೇ ತಪ್ಪುತ್ತದೆ.

ಹೋದ ಬಲ ಮರಳುವುದಿಲ್ಲ ಎಂಬುದೂ ನಿಜವಲ್ಲ. 1990ರಲ್ಲಿ ಪ್ರಕಟವಾದ ಬಾಸ್ಟನ್ನಿನ ಒಂದು ಸಣ್ಣ ಅಧ್ಯಯನದಲ್ಲಿ, ತೊಂಬತ್ತರ ಆಸುಪಾಸಿನ ಆರೈಕೆಗೃಹ ನಿವಾಸಿಗಳು 8 ವಾರಗಳ ಕಾಲ ಮೇಲ್ವಿಚಾರಣೆಯಲ್ಲಿ ಭಾರದ ವ್ಯಾಯಾಮ ಮಾಡಿ, ಕಾಲಿನ ಬಲವನ್ನು ಸರಾಸರಿ ಎರಡು ಪಟ್ಟಿಗೂ ಮೀರಿ ಹೆಚ್ಚಿಸಿಕೊಂಡರು. ಎಷ್ಟೋ ಮನೆಗಳು ಕೈಬಿಟ್ಟ ಆಸೆಯನ್ನು ಇದು ಮತ್ತೆ ಕೊಡುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆಯನ್ನೂ, ಕನಿಷ್ಠ 2 ದಿನ ಸ್ನಾಯುಬಲದ ವ್ಯಾಯಾಮವನ್ನೂ, ಕನಿಷ್ಠ 3 ದಿನ ಸಮತೋಲನದ ಅಭ್ಯಾಸವನ್ನೂ ಸೂಚಿಸುತ್ತದೆ.

ನಮ್ಮ ಕರಾವಳಿಯಲ್ಲಿ ನಿಜಕ್ಕೂ ಹೆದರಬೇಕಾದದ್ದು ಬೀಳುವುದಕ್ಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಚಿ ಹಿಡಿದ ಅಂಗಳವನ್ನು ಬಿಟ್ಟು ಒಣಗಿದ ಜಗಲಿಯಲ್ಲೇ ನಡೆಯಬಹುದು. ಕುರ್ಚಿಯಿಂದ ನಿಧಾನವಾಗಿ ಎದ್ದು ಕೂರುವುದೂ ತೊಡೆಗೆ ಒಳ್ಳೆಯ ವ್ಯಾಯಾಮ. ಈಗಾಗಲೇ ಸಂಧಿವಾತವಿದ್ದು ಮೆಟ್ಟಿಲಲ್ಲಿ ನೋವಾಗುವವರು ಪಕ್ಕದ ಕಂಬಿ ಹಿಡಿದು, ಫಿಸಿಯೋಥೆರಪಿ ತಜ್ಞರು ಹೇಳಿದಷ್ಟೇ ಹತ್ತಬೇಕು. ಮೊಣಕಾಲು ಊದಿ ಬಿಸಿಯಾಗಿದ್ದರೆ ಅಥವಾ ನಡೆಯುವಾಗ ಎದೆನೋವು ಬಂದರೆ, ವೈದ್ಯರನ್ನು ತಡಮಾಡದೆ ಕಾಣಬೇಕು.