ಹಳ್ಳಿಯವರಿಗೆ ಫೋನಿನಲ್ಲಿ ಕಾನೂನು ಸಲಹೆ: ಉಪಯೋಗ ಇದೆಯೇ?

ಪರ
*ಬೆಳಗಾವಿಯ ಯುವ ವಕೀಲೆ*

ಪರವಾಗಿ ಬರೆಯಿರಿ ಎಂದಾಗ ಸ್ವಲ್ಪ ಅನುಮಾನಿಸಿದೆ. ಖಾನಾಪುರದ ಕಾಡಂಚಿನ ಊರುಗಳಲ್ಲಿ ನೆಟ್‌ವರ್ಕ್ ಹುಡುಕಿಕೊಂಡು ಜನ ದಿಬ್ಬ ಹತ್ತುವುದನ್ನು ಕಂಡವಳು ನಾನು. ಆದರೂ ಒಪ್ಪಿಕೊಂಡಿದ್ದೇನೆ, ಬರೆಯುತ್ತೇನೆ.

ವ್ಯವಸ್ಥೆ ಹೀಗಿದೆ. ಕೇಂದ್ರ ಕಾನೂನು ಸಚಿವಾಲಯ 2017ರಲ್ಲಿ ‘ಟೆಲಿ-ಲಾ’ ಶುರು ಮಾಡಿತು. ಊರಿನ ಸಿಎಸ್‌ಸಿ ಸೆಂಟರಿಗೆ, ಅಂದರೆ ಸರ್ಕಾರಿ ಕೆಲಸಗಳ ಸಾಮಾನ್ಯ ಸೇವಾ ಕೇಂದ್ರಕ್ಕೆ, ಹೋಗಿ ಹೆಸರು ಬರೆಸಿದರೆ ಯೋಜನೆಯ ಪಟ್ಟಿಯಲ್ಲಿರುವ ಪ್ಯಾನೆಲ್ ವಕೀಲರು ಫೋನಿನಲ್ಲೋ ವಿಡಿಯೋದಲ್ಲೋ ಸಿಗುತ್ತಾರೆ. 2021ರಲ್ಲಿ ಆ್ಯಪ್ ಕೂಡ ಬಂತು. 14454ಕ್ಕೆ ನೇರವಾಗಿ ಕರೆ ಮಾಡಬಹುದು. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ ಬೇರೆ ಇದೆ, 15100. ಮೊದಮೊದಲು ಕೆಲವರು 30 ರೂಪಾಯಿ ಕಟ್ಟಬೇಕಿತ್ತು, ಈಗ ಅದೂ ಇಲ್ಲ.

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ, ಜೈಲಿನಲ್ಲಿರುವವರಿಗೆ ಸರ್ಕಾರದ ಖರ್ಚಿನಲ್ಲೇ ವಕೀಲರು ಸಿಗಬೇಕು. ಹೆಣ್ಣುಮಕ್ಕಳಿಗಂತೂ ಆದಾಯ ಎಷ್ಟೇ ಇದ್ದರೂ ಸಿಗಬೇಕು. ಇದು ನಮ್ಮ ಕಡೆ ಎಷ್ಟು ಜನಕ್ಕೆ ಗೊತ್ತು? ಆ ಒಂದು ಮಾತು ತಿಳಿಸಿದರೂ ಫೋನ್ ಮಾಡಿದ್ದು ಸಾರ್ಥಕ.

ಗಡುವಿನ ಮಾತೂ ಹಾಗೆಯೇ. ಸಿವಿಲ್ ದಾವೆಯ ಸಮನ್ಸ್ ಬಂದರೆ 30 ದಿನದಲ್ಲಿ ತಕರಾರು ಸಲ್ಲಿಸಬೇಕು, ಕೋರ್ಟ್ ಮನಸ್ಸು ಮಾಡಿದರೆ 90ರವರೆಗೆ. ನಮ್ಮಲ್ಲಿ ಸಮನ್ಸಿಗೆ ಸಹಿ ಹಾಕಿ, ದೇವರ ಜಗಲಿಯ ಮೇಲಿಟ್ಟು, ಜಾತ್ರೆ ಮುಗಿಯಲಿ ಅನ್ನುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾಗಿ ಮಗಳಿಗೂ ಮಗನಷ್ಟೇ ಹಕ್ಕು ಬಂತು; ಅಪ್ಪ ಅದಕ್ಕೆ ಮೊದಲೇ ತೀರಿಕೊಂಡಿದ್ದರೆ ಮಗಳಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲ ಎಂದು ಈಗಲೂ ಅಣ್ಣಂದಿರು ಹೇಳಿ ನಂಬಿಸುತ್ತಾರೆ. ಅಂದು ಅಪ್ಪ ಬದುಕಿರಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿಯಾಗಿದೆ. ಬಾಗಲಕೋಟೆಯವರ ಹೈಕೋರ್ಟ್ ಅಪೀಲು ಧಾರವಾಡ ಪೀಠಕ್ಕೆ ಹೋಗುತ್ತದೆ, ಹೊಳೆಯಾಚೆ ವಿಜಯಪುರದವರದು ಕಲಬುರಗಿಗೆ. ಇಷ್ಟು ಹೇಳಲು ಎದುರುಬದುರು ಕೂರಬೇಕಿಲ್ಲ.

ನಾನು ಪೂರಾ ನಂಬುವ ಕಾರಣ ಇನ್ನೊಂದಿದೆ. ಸವದತ್ತಿಯಂಥ ಊರಲ್ಲಿ ಒಬ್ಬ ಹೆಣ್ಣುಮಗಳು ವಕೀಲರ ಆಫೀಸಿನ ಮೆಟ್ಟಿಲು ಹತ್ತಿದರೆ ಸಂಜೆಯ ಬಸ್ಸಿಗಿಂತ ಮೊದಲು ಸುದ್ದಿ ಮನೆ ಮುಟ್ಟಿರುತ್ತದೆ. ವಕೀಲರು ಗಂಡನ ಗೆಳೆಯರಿರಬಹುದು, ಅವರ ಗುಮಾಸ್ತ ಮೈದುನನ ಓರಗೆಯವನಿರಬಹುದು. ಮಧ್ಯಾಹ್ನ ಗಂಡಸರು ಹೊಲಕ್ಕೆ ಹೋದಾಗ, ಮುಖ ತೋರಿಸದೆ, ಜಾತಿ ಹೇಳದೆ ಒಂದು ಪ್ರಶ್ನೆ ಕೇಳುವ ದಾರಿ ಅವಳಿಗೆ ಬೇಕು. ಫೋನ್ ಅದನ್ನು ಕೊಡುತ್ತದೆ.

ಸಲಹೆ ಸಿಕ್ಕ ಮೇಲೆ ಕೋರ್ಟಿಗೆ ಯಾರು ಕರೆದೊಯ್ಯುತ್ತಾರೆ ಎಂದರೆ, ಅದನ್ನು ವಿರೋಧದವರೇ ಕೇಳಲಿ.

ವಿರೋಧ
*ಬಾಗಲಕೋಟೆಯ ಹಿರಿಯ ವಕೀಲ*

ನಾನು ಜೂನಿಯರ್ ಆಗಿ ಸೇರಿದ ಮೊದಲ ದಿನ ನಮ್ಮ ಸೀನಿಯರ್ ಹೇಳಿದ್ದು ಒಂದೇ ಮಾತು: “ಪಕ್ಷಗಾರ ಹೇಳೂದು ಅರ್ಧಾ ಕೇಳು, ತಂದ ಕಾಗದ ಪೂರ್ತಿ ಓದು.” ಫೋನಿನಲ್ಲಿ ಕಾಗದ ಓದಲು ಬರುವುದಿಲ್ಲ. ಇಲ್ಲಿಗೇ ಲೇಖನ ಮುಗಿಸಬಹುದಿತ್ತು. ಆದರೆ ಒಂದು ಚೀಲದ ಕಥೆ ಹೇಳಬೇಕು.

ಆಲಮಟ್ಟಿಯ ಹಿನ್ನೀರು ನಮ್ಮ ಹಳೇ ಪೇಟೆಯೊಳಗೆ ಬಂದು, ನಾವೆಲ್ಲ ನವನಗರಕ್ಕೆ ಗಂಟುಮೂಟೆ ಹೊರುತ್ತಿದ್ದ ಕಾಲ. ಬೀಳಗಿ ತಾಲ್ಲೂಕಿನ ಮುಳುಗಡೆ ಊರಿನ ಒಬ್ಬ ಅಜ್ಜ ಬಂದ. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ.

“ಸಾಹೇಬ್ರ, ಬಾಜೂ ಹೊಲದವಗ ಕೋರ್ಟಿನ್ಯಾಗ ಹೆಚ್ಚಿಗಿ ಪರಿಹಾರ ಆಗೇತಿ. ನಂಗೂ ಬರತೈತೇನ್ರಿ?”

ನೀನು ಕೋರ್ಟಿಗೆ ಹೋಗಿದ್ದೆಯಾ ಎಂದೆ. ಇಲ್ಲ. ಆಗ 1894ರ ಭೂಸ್ವಾಧೀನ ಕಾಯ್ದೆ. ಅದರ 18ನೇ ಕಲಮಿನಡಿ ಹೆಚ್ಚಿನ ಪರಿಹಾರ ಕೇಳುವ ಗಡುವು ದಾಟಿ ಎಷ್ಟೋ ವರ್ಷವಾಗಿತ್ತು. ಕೇಳದೆ ಉಳಿದವರಿಗೆ 28ಎ ಎಂಬ ಹಿಂಬಾಗಿಲು ಒಂದಿತ್ತು: ಅದೇ ಅಧಿಸೂಚನೆಯಲ್ಲಿ ಜಮೀನು ಹೋದ ಬೇರೊಬ್ಬನಿಗೆ ಕೋರ್ಟ್ ಹೆಚ್ಚು ಕೊಟ್ಟರೆ, ಆ ತೀರ್ಪಿನಿಂದ ಮೂರು ತಿಂಗಳೊಳಗೆ ನೀನೂ ಅರ್ಜಿ ಹಾಕಬಹುದು. ಬಾಜೂದವನ ತೀರ್ಪು ಯಾವಾಗ ಆಯಿತು ಎಂದು ಕೇಳಿದೆ. “ಕಾರಹುಣ್ಣಿವಿ ಮುಂದ್ರಿ.” ಅಂದು ಸೀಗಿಹುಣ್ಣಿಮೆ ಕಳೆದಿತ್ತು, ನಾಲ್ಕು ತಿಂಗಳ ಮೇಲಾಗಿತ್ತು. ಫೋನ್ ಆಗಿದ್ದರೆ “ಅವಧಿ ಮೀರಿದೆ” ಎಂದು ಇಟ್ಟುಬಿಡುತ್ತಿದ್ದೆ. ಕಾನೂನಿನ ಪ್ರಕಾರ ಅದು ಸರಿಯಾದ ಸಲಹೆಯೇ.

ಯಾಕೋ ಚೀಲ ಸುರುವು ಅಂದೆ. ಲಗ್ನಪತ್ರಿಕೆ, ಲೈಟ್ ಬಿಲ್ಲು, ಸೊಸೈಟಿಯ ಪಾವತಿ, ಮೂರು ವರ್ಷದ ಉತಾರ, ಸೊಸೆಯ ಆಸ್ಪತ್ರೆ ಚೀಟಿ. ಎಲ್ಲಕ್ಕಿಂತ ಕೆಳಗೆ ನಾಲ್ಕಾಗಿ ಮಡಿಚಿದ ಒಂದು ಝೆರಾಕ್ಸ್.

“ಇದೇನೋ ಅಜ್ಜಾ?”

“ಅದು ಬೀಗರ ಮನೀದ್ರಿ. ಹಿಂದ ಬಸ್ಸಿನ ಟೈಮ್ ಬರಕೊಂಡೀನಿ.”

ತಿರುವಿ ನೋಡಿದರೆ ಕೋರ್ಟಿನ ತೀರ್ಪು. ಅದೇ ಅಧಿಸೂಚನೆ, ಅದೇ ಊರಿನ ಸೀಮೆ, ಬೀಗನ ಜಮೀನು. ತಾರೀಖು ಎರಡು ತಿಂಗಳ ಹಿಂದಿನದು! ಮೊದಲ ತೀರ್ಪನ್ನೇ ಹಿಡಿಯಬೇಕೆಂದಿಲ್ಲ, ಯಾವುದನ್ನು ಆಧಾರ ಮಾಡುತ್ತೇವೋ ಅದರಿಂದ ಮೂರು ತಿಂಗಳು ಎಣಿಸಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತ್ತು. ನಾಲ್ಕು ವಾರವೂ ಉಳಿದಿರಲಿಲ್ಲ. ಮರುದಿನವೇ ತೀರ್ಪಿನ ನಕಲಿಗೆ ಅರ್ಜಿ ಹಾಕಿ, ಆ ವಾರವೇ ಭೂಸ್ವಾಧೀನಾಧಿಕಾರಿಗೆ ಅರ್ಜಿ ಕೊಟ್ಟೆವು. ದುಡ್ಡು ಬಂದದ್ದು ಮಗನ ಕಾಲಕ್ಕೆ, ಅದು ಬೇರೆ ಮಾತು.

ಕಾಗದದ ಫೋಟೋ ತೆಗೆದು ಮೊಬೈಲಿನಲ್ಲಿ ಕಳಿಸಬಹುದಲ್ಲ ಎನ್ನುವ ಜಾಣರಿದ್ದಾರೆ. ಯಾವ ಕಾಗದದ ಫೋಟೋ? ಬಸ್ಸಿನ ಟೈಮಿನದೇ?

ಫೋನಿನ ಆ ತುದಿಯಲ್ಲಿ ಯಾರಿರುತ್ತಾರೆ ಎಂದೂ ಯೋಚಿಸಿ. ಕಿವಿಗೆ ವೈರು ಸಿಕ್ಕಿಸಿಕೊಂಡು ಎಲ್ಲೋ ಕುಳಿತವರು. “ಸಂಬಂಧಪಟ್ಟ ತಹಶೀಲ್ದಾರರನ್ನು ಭೇಟಿ ಮಾಡಿ” ಅನ್ನುತ್ತಾರೆ. ತಹಶೀಲ್ದಾರರನ್ನು ಭೇಟಿ ಮಾಡಿ ಮಾಡಿ ಚಪ್ಪಲಿ ಸವೆದ ಮೇಲೇ ಅವನು ಫೋನ್ ಹಚ್ಚಿರುತ್ತಾನೆ. ನಿಪ್ಪಾಣಿಯ ಮರಾಠಿ, ಇಂಡಿ ಕಡೆಯ ತಾಂಡಾದ ಲಂಬಾಣಿ ಮಾತು ಅವರಿಗೆ ಎಷ್ಟು ತಿಳಿದೀತು? ‘ವಾಟ್ನಿ’ ಅಂದರೆ ಪಾಲು ಎಂದಾದರೂ ಗೊತ್ತಿರಬೇಕಲ್ಲ.

ಗುಟ್ಟು ಉಳಿಯುತ್ತದಂತೆ. ಸಿಎಸ್‌ಸಿ ಸೆಂಟರ್ ಇರುವುದು ಪಂಚಾಯಿತಿಯ ಬಾಜೂಕ್ಕೆ. ಆಧಾರ್ ತಿದ್ದಿಸಲು, ರೇಷನ್ ಕಾರ್ಡಿಗೆ ಹೆಬ್ಬೆಟ್ಟು ಕೊಡಲು ಹತ್ತು ಜನ ಪಾಳಿ ಹಚ್ಚಿರುತ್ತಾರೆ. ಅವರ ನಡುವೆ ಕುಳಿತು ಗಂಡ ಹೊಡೆದದ್ದನ್ನು ಕ್ಯಾಮೆರಾಕ್ಕೆ ಹೇಳಬೇಕು. ಆ್ಯಪ್ ಇದೆಯಲ್ಲ ಎಂದರೆ, ಆ ಮೊಬೈಲ್ ಮಗನ ಕೈಯಲ್ಲಿರುತ್ತದೆ.

ವಕೀಲರ ಹೊಟ್ಟೆಪಾಡಿನ ಮಾತು ಇದು ಎಂದು ನಗುವವರು ನಗಲಿ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇದೆ, 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸೂ ಪುಕ್ಕಟೆ. ಅದೂ ದೂರವಾಯಿತೆಂದರೆ, ಸಂತೆಯ ದಿನ ಪಂಚಾಯಿತಿ ಕಟ್ಟೆಯ ಮೇಲೆ ಒಬ್ಬ ವಕೀಲನನ್ನು ಕೂರಿಸಿ. ಜನ ಹೇಗೂ ಚೀಲ ಹಿಡಿದೇ ಸಂತೆಗೆ ಬರುತ್ತಾರೆ.

ಆಲಮಟ್ಟಿಯ ನೀರನ್ನು 519.60ರಿಂದ 524.256 ಮೀಟರಿಗೆ ಏರಿಸುವ ಮಾತು ವರ್ಷಗಳಿಂದ ನಡೆದೇ ಇದೆ. ಏರಿದರೆ ಮತ್ತಷ್ಟು ಊರು, ಮತ್ತಷ್ಟು ಚೀಲ. ಈಗ 2013ರ ಹೊಸ ಕಾಯ್ದೆ. ನನ್ನ ಟೇಬಲಿನ ಅರ್ಧ ಜಾಗ ಖಾಲಿ ಮಾಡಿಟ್ಟಿದ್ದೇನೆ, ಬಂದು ಸುರುವಲಿ.