ಗುಂಡ ಊಟ ಬಿಟ್ಟಿದ್ದ

ಮನೆಗೆ ಬಂದವರು ಉಣ್ಣದೆ ಹೋದರೆ ನಮ್ಮ ಆಯಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಕರೆಂಟ್ ಬಿಲ್ ಕೊಡಲು ಬಂದವನಿಗೂ ಕಷಾಯ ಕುಡಿಸಿಯೇ ಕಳಿಸುವವಳು. ಅಂಥ ಮನೆಗೆ ನಾನು ಕಳೆದ ಮಳೆಗಾಲದಲ್ಲಿ, ಊಟ ಬೇಡ ಅಂತ ಹಠ ಹಿಡಿಯುವುದಕ್ಕೇ ಹೆಸರಾದ ಪ್ರಾಣಿಯೊಂದನ್ನು ತಂದೆ.

ಬಾಲ್ ಪೈಥಾನ್. ಆಫ್ರಿಕಾದ ಹೆಬ್ಬಾವು. ಗಾಬರಿ ಬೇಡ, ನಮ್ಮದು ಮೂರಡಿ, ವಿಷ ಇಲ್ಲ, ಹೆದರಿದರೆ ತಲೆಯನ್ನು ಒಳಗಿಟ್ಟುಕೊಂಡು ಉಂಡೆಯಾಗಿಬಿಡುತ್ತದೆ. ಅದಕ್ಕೇ ಗುಂಡ ಅಂತ ಹೆಸರು. ಬೆಂಗಳೂರಿನ ಗೆಳೆಯ ವಿದೇಶಕ್ಕೆ ಹೊರಟಾಗ ನನಗೆ ಕೊಟ್ಟದ್ದು. ನಮ್ಮ ಕಾಡಿನ ಹಾವನ್ನು ಸಾಕುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಹೊರದೇಶದ್ದಾದರೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಅದೆಲ್ಲ ಮುಗಿಸಿ ಶಿರಸಿಗೆ ತಂದರೆ ಆಯಿ ಅದನ್ನು ಹಾವು ಅನ್ನಲೂ ಒಪ್ಪಲಿಲ್ಲ. ‘ಆ ಹುಳ’ ಅಷ್ಟೇ.

ಮೊದಲ ವಾರ ಮುಟ್ಟಬಾರದು, ಊಟ ಕೊಡಬಾರದು, ಹೊಸ ಜಾಗಕ್ಕೆ ಹೊಂದಿಕೊಳ್ಳಲಿ ಅಂತ ಗೆಳೆಯ ಹೇಳಿದ್ದ. ಮುಟ್ಟಲಿಲ್ಲ. ಆದರೆ ಹತ್ತು ನಿಮಿಷಕ್ಕೊಮ್ಮೆ ಹೋಗಿ ಇಣುಕಿದೆ, ಅದೂ ಅಷ್ಟೇ ತಪ್ಪು ಅಂತ ಆಮೇಲೆ ಗೊತ್ತಾಯಿತು.

ಇನ್ನು ಊಟದ ವಿಷಯ. ಫ್ರೀಜ್ ಮಾಡಿದ ಇಲಿ. ನಮ್ಮದು ಬೆಳ್ಳುಳ್ಳಿಯನ್ನೂ ಅನುಮಾನದಿಂದ ನೋಡುವ ಮನೆ, ಫ್ರೀಜರಿನ ಮಾತೆತ್ತಿದ ಕೂಡಲೇ ಆಯಿ ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತುಬಿಟ್ಟಳು. ಮೀನು ತಿನ್ನುವ ಪಕ್ಕದ ಮನೆಯವರನ್ನು ಕೇಳಿದೆ. ‘ಬಂಗಡೆ ಪಕ್ಕ ಇಲಿಯಾ? ಥೂ ಮಾರಾಯಾ’ ಅಂದರು. ಕೊನೆಗೆ ಅಡಿಕೆ ಗೋದಾಮಿನಲ್ಲಿ ಒಂದು ಹಳೇ ಫ್ರಿಜ್ ಇಟ್ಟೆ. ಅಪ್ಪಯ್ಯ ಎಲ್ಲ ನೋಡುತ್ತ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಒಂದೇ ಮಾತು ಕೇಳಿದರು: ‘ಅಟ್ಟದ ತುಂಬ ಇಲಿ ಇಟ್ಕಂಡು ದುಡ್ಡು ಕೊಟ್ಟು ಇಲಿ ತಂದ್ಯಾ?’ ಅಟ್ಟದ ಇಲಿ ವಿಷ ತಿಂದಿರಬಹುದು, ಹೊಟ್ಟೆಯಲ್ಲಿ ಹುಳ ಇರಬಹುದು, ಜೀವಂತ ಬಿಟ್ಟರೆ ಅದೇ ಹಾವನ್ನು ಕಚ್ಚಬಹುದು ಅಂತ ವಿವರಿಸಿದೆ. ಇಲಿಗೆ ಹೆದರುವ ಹಾವು ಅಂತ ಸಂಜೆಯೊಳಗೆ ಕೇರಿಗೆಲ್ಲ ಸುದ್ದಿ.

ಎಂಟನೇ ದಿನ ಇಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬಿಸಿನೀರಿನಲ್ಲಿ ಇಟ್ಟೆ. ಒಳಗೂ ಗಟ್ಟಿ ಇರಬಾರದು, ಮೈ ಬೆಚ್ಚಗಿರಬೇಕು, ಯಾಕೆಂದರೆ ಗುಂಡ ಬೇಟೆಯನ್ನು ಗುರುತಿಸುವುದು ವಾಸನೆಯ ಜೊತೆಗೆ ಶಾಖದಿಂದಲೂ, ಅದಕ್ಕೆ ತುಟಿಯ ಮೇಲೆ ಸಾಲಾಗಿ ಚಿಕ್ಕ ಚಿಕ್ಕ ಕುಳಿಗಳಿವೆ. ಎಲ್ಲ ಸರಿಯಾಗೇ ಮಾಡಿದೆ, ಇಲಿ ಹಿಡಿಯಲು ತಂದ ಇಕ್ಕಳವೊಂದು ಬಿಟ್ಟು. ಅದು ಆಯಿ ಹಾಲಿನ ಪಾತ್ರೆ ಇಳಿಸುವ ಇಕ್ಕಳವಾಗಿತ್ತು. ಈಗ ಅದು ಗುಂಡನ ಸ್ವಂತ ಆಸ್ತಿ, ಆಯಿಗೆ ಹೊಸದು ಬಂತು, ನನಗೆ ಎರಡು ದಿನ ಅಡುಗೆಮನೆಗೆ ಪ್ರವೇಶ ಇರಲಿಲ್ಲ.

ಗುಂಡ ತಿನ್ನಲಿಲ್ಲ. ಮುಂದಿನ ವಾರವೂ ಇಲ್ಲ. ಅದರ ಮುಂದಿನ ವಾರ ಇಲಿ ಕಂಡದ್ದೇ ಉಂಡೆಯಾದ. ಬಾಲ್ ಪೈಥಾನ್ ತಿಂಗಳುಗಟ್ಟಲೆ ಉಪವಾಸ ಇದ್ದರೂ ಸಾಯುವುದಿಲ್ಲ ಅಂತ ನಾನು ಹೇಳುತ್ತಲೇ ಇದ್ದೆ, ಆದರೆ ಆಯಿಗೆ ‘ಉಪವಾಸ’ ಅನ್ನುವ ಶಬ್ದ ಒಂದೇ ಕೇಳಿಸಿತು.

‘ಚಳಿಯಾಗ್ತಾ ಕಾಣ್ತು ಅದಕ್ಕೆ.’

ಅವಳು ಹೇಳಿದ್ದು ಸರಿ. ಪೆಟ್ಟಿಗೆಯ ಒಂದು ಬದಿ 31-32 ಡಿಗ್ರಿ ಇರಬೇಕು, ಇಲ್ಲದಿದ್ದರೆ ತಿಂದದ್ದು ಅರಗುವುದಿಲ್ಲ, ತಿನ್ನಲು ಮನಸ್ಸೂ ಬರುವುದಿಲ್ಲ. ಹೀಟಿಂಗ್ ಪ್ಯಾಡ್ ಇತ್ತು, ಥರ್ಮೋಸ್ಟಾಟ್ ಇತ್ತು, ಕರೆಂಟ್ ಇರಲಿಲ್ಲ. ಶಿರಸಿಯ ಜುಲೈ, ಗಾಳಿ ಬೀಸಿತೆಂದರೆ ಎಲ್ಲೋ ಒಂದು ಮರ ತಂತಿಯ ಮೇಲೆ. ಆಯಿ ತನ್ನ ಮಂಡಿನೋವಿನ ಹಾಟ್ ವಾಟರ್ ಬ್ಯಾಗಿಗೆ ಬಚ್ಚಲ ಹಂಡೆಯ ನೀರು ತುಂಬಿ, ಹಳೇ ಸೀರೆಯಲ್ಲಿ ಸುತ್ತಿ, ಮುಖ ಆಚೆ ತಿರುಗಿಸಿಕೊಂಡೇ ನನ್ನ ಕೈಗೆ ಕೊಟ್ಟಳು. ಗುಂಡ ಅಡಗಲು ನಾನಿಟ್ಟ ರಟ್ಟಿನ ಡಬ್ಬ ತೀರಾ ದೊಡ್ಡದು, ಮೈಗೆ ತಾಗುವಷ್ಟು ಇಕ್ಕಟ್ಟಾಗಿದ್ದರೇ ಅದಕ್ಕೆ ಧೈರ್ಯ ಅಂದಾಗ ಬಾಯಿ ಒಡೆದ ಮಣ್ಣಿನ ಗಡಿಗೆಯೂ ಹಿತ್ತಿಲಿನಿಂದ ಬಂತು.

ಐದನೇ ವಾರ, ರಾತ್ರಿ ಒಂಬತ್ತೂವರೆ, ಕರೆಂಟ್ ಇಲ್ಲ. ಟಾರ್ಚ್ ಹಿಡಿಯಲು ಆಯಿ, ಬಾಗಿಲ ಹೊರಗಿನಿಂದ. ಗಡಿಗೆಯ ಬಾಯಲ್ಲಿ ಗುಂಡನ ಮೂಗು ಮಾತ್ರ ಕಾಣುತ್ತಿತ್ತು. ನಾಲಿಗೆ ಹೊರಗೆ, ಒಳಗೆ, ಮತ್ತೆ ಹೊರಗೆ. ಕುತ್ತಿಗೆ ಇಂಗ್ಲಿಷಿನ ಎಸ್ ಆಯಿತು. ನಾನು ಉಸಿರು ಬಿಗಿಹಿಡಿದೆ. ಫಟ್ ಅಂತ ಹಾರಿ ಇಲಿಯನ್ನು ಕಚ್ಚಿ ಸುತ್ತಿಕೊಂಡಿತು, ನನ್ನ ಕೈಯಿಂದ ಇಕ್ಕಳ ಬಿತ್ತು, ಆಯಿಯ ಕೈಯಿಂದ ಟಾರ್ಚ್ ಬಿತ್ತು.

ಕತ್ತಲಲ್ಲಿ ಸ್ವಲ್ಪ ಹೊತ್ತು ಬರೀ ಮಳೆ ಸದ್ದು.

‘ತಿಂತಾ?’

‘ಹ್ಞಾಂ ಆಯಿ, ತಿಂತು.’

‘ಇನ್ನೊಂದು ಬೇಕನ ಕೇಳು.’