ಟೆಸ್ಟರ್ ಬೆಳಗಲಿಲ್ಲ ಎಂದರೆ ಸಾಲದು

ಮೇನ್ ಸ್ವಿಚ್ ಆಫ್ ಮಾಡಿದ ಮೇಲೆ ಟೆಸ್ಟರ್ (ತಂತಿಗೆ ತಾಗಿಸಿದಾಗ ವಿದ್ಯುತ್ ಇದ್ದರೆ ಬೆಳಗುವ ಸ್ಕ್ರೂಡ್ರೈವರ್‌ನಂಥ ಸಾಧನ) ಬೆಳಗದಿದ್ದರೆ ದುರಸ್ತಿ ಆರಂಭಿಸಬಹುದು ಎಂಬ, ವಿದ್ಯುತ್ ದುರಸ್ತಿ ಕುರಿತ ಲೇಖನವೊಂದರ ಮಾತನ್ನು ನಾನು ಒಪ್ಪುವುದಿಲ್ಲ. ಒಳಗಿನ ನಿಯಾನ್ ದೀಪ ಕೆಟ್ಟಿದ್ದರೂ, ಕೆಲಸಗಾರ ಒಣ ಮರದ ಏಣಿಯ ಮೇಲೆ ನಿಂತು ಅವನ ಮೈ ಮೂಲಕ ನೆಲಕ್ಕೆ ವಿದ್ಯುತ್ ಹರಿಯದಂತಾಗಿದ್ದರೂ, ತಂತಿಯಲ್ಲಿ ವಿದ್ಯುತ್ ಇರುವಾಗಲೇ ಅದು ಬೆಳಗದಿರಬಹುದು. ಆದ್ದರಿಂದ ಎರಡು ಕಡ್ಡಿಗಳ ವೋಲ್ಟೇಜ್ ಪರೀಕ್ಷಕವನ್ನು ಮೊದಲು ವಿದ್ಯುತ್ ಇರುವುದು ಖಚಿತವಾದ ಕಡೆ ಹಿಡಿದು ನೋಡಿ, ಬಳಿಕ ದುರಸ್ತಿಯ ಜಾಗದಲ್ಲಿ ಫೇಸ್, ನ್ಯೂಟ್ರಲ್, ಅರ್ಥ್‌ಗಳ ನಡುವೆ ಅಳೆದು, ಕೊನೆಗೆ ಮತ್ತೆ ಮೊದಲಿನ ಕಡೆಯೇ ಪರೀಕ್ಷಿಸಬೇಕು. ಆಫ್ ಮಾಡಿದ ಸ್ವಿಚ್ಚನ್ನು ಬೇರೆಯವರು ಹಾಕದಂತೆ ಅದಕ್ಕೆ ಬೀಗ ಹಾಕುವ ವಿಷಯವನ್ನಂತೂ ಲೇಖಕರು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ನನ್ನ ಕೈ ಇನ್ನೂ ಪ್ಯಾನೆಲ್‌ನೊಳಗೆ ಇದ್ದಾಗಲೇ, ಪಾಳಿ ಬದಲಾಗಿ ಬಂದವರೊಬ್ಬರು ಸ್ವಿಚ್ ಹಾಕಲು ಹೋಗಿದ್ದರು. ಅವರನ್ನು ತಡೆದದ್ದು ಅಲ್ಲಿ ತೂಗುಹಾಕಿದ್ದ ಎಚ್ಚರಿಕೆಯ ಚೀಟಿಯಲ್ಲ, ಸ್ವಿಚ್‌ಗೆ ನಾನು ಹಾಕಿದ್ದ ಬೀಗ, ಅದರ ಕೀ ನನ್ನ ಜೇಬಿನಲ್ಲಿತ್ತು.